ತುಗಿರಾಳ ಎಂಟನೇ ವಿಂದು

ಬೆಳಗಿನ ಬಾಂಗು ಕೂಗುವ ಮೊದಲೇ ವಿನಾರ್ತಿ ಅತ್ತೆಯ ಒದ್ದೆ ಹಾಸು ತೆಗೆದಿರುತ್ತಾಳೆ. ಅತ್ತೆಯನ್ನು ಎಡಕ್ಕೆ ಹೊರಳಿಸಿ ಬೆನ್ನು ಒರೆಸುವುದು, ಬಲಕ್ಕೆ ಹೊರಳಿಸಿ ಸೊಂಟದ ಕೆಂಪು ಗುರುತಿಗೆ ಕೊಬ್ಬರಿ ಎಣ್ಣೆ ಸವರುವುದು, ಒಣಗಿದ ಬಟ್ಟೆ ಹಾಸುವುದು. ತೆಗೆದ ಹಾಸನ್ನು ಬಕೆಟ್ಟಿನಲ್ಲಿ ನೆನೆಹಾಕುವುದು. ಅಕ್ಕಿ ತೊಳೆದು ಒಲೆಗಿಡುವುದು. ಹುದುಗಿಸಿದ ಸೋಯಾ ಕಾಳಿನ ಟೆಂಪೆ ಹೆಚ್ಚಿ ಬೆಳ್ಳುಳ್ಳಿ ಕೊತ್ತಂಬರಿಯ ನೀರಿನಲ್ಲಿ ಅದ್ದಿಡುವುದು. ಗಂಡನಿಗೆ ಸಕ್ಕರೆ ಹೆಚ್ಚು ಹಾಕಿದ ಚಹಾ, ಅತ್ತೆಗೆ ಸಕ್ಕರೆಯೇ ಇಲ್ಲದ್ದು. ಅಂಗಳ ಗುಡಿಸುವುದು, ಕೋಳಿಗೆ ನಿನ್ನೆಯ ಅನ್ನ ಹಾಕುವುದು. ಇವೆಲ್ಲದರ ನಡುವೆ, ಅನ್ನ ಬೇಯುವ ಇಪ್ಪತ್ತೈದು ನಿಮಿಷದಲ್ಲಿ, ಅಡುಗೆಮನೆಯ ಮೇಜಿನ ಮೂಲೆಯಲ್ಲಿ ಕೂತು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಒಂದು ಪುಟ.

ಆ ಒಂದೊಂದು ಪುಟ ಸೇರಿ ಮೂವತ್ತೊಂದು ವರ್ಷದಲ್ಲಿ ಇಪ್ಪತ್ತಮೂರು ಕಾದಂಬರಿಗಳಾಗಿವೆ. ಎಲ್ಲವೂ ಒಬ್ಬಳದೇ ಕಥೆ. ತುಗಿರಾ ಅವಳ ಹೆಸರು, ಜಾಮು ಕಷಾಯ ಮಾರುವವಳು. ಅರಿಶಿನ ಹುಣಸೆಯ ಕಷಾಯ, ಅಕ್ಕಿ ಕಚೋರದ ಕಷಾಯ, ಕಹಿಯದ್ದು, ಹೀಗೆ ಎಂಟು ಬಾಟಲಿ ಇರುವ ಬುಟ್ಟಿಯನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಓಣಿ ಓಣಿ ನಡೆಯುತ್ತಾಳೆ. ಕಷಾಯ ಕುಡಿಯಲು ಬಾಗಿಲಿಗೆ ಬಂದ ಹೆಂಗಸರು ಲೋಟ ಕೆಳಗಿಡುವುದರೊಳಗೆ ಮನೆಯ ಗುಟ್ಟು ಹೇಳಿರುತ್ತಾರೆ. ಕಾಣೆಯಾದ ಗಂಡ, ಮುಚ್ಚಿಟ್ಟ ಬಸಿರು, ಸುಳ್ಳು ಸಹಿ ಹಾಕಿ ಕಿತ್ತುಕೊಂಡ ಗದ್ದೆ, ಎಲ್ಲವನ್ನೂ ತುಗಿರಾ ಬಿಡಿಸುತ್ತಾಳೆ. ಜಾವಾದ ಕ್ಲಾತೆನ್ ಊರಿನ ಈ ಓಣಿಯಲ್ಲಿ ಆ ಪುಸ್ತಕ ಓದದ ಮನೆಯಿಲ್ಲ.

ತುಗಿರಾಳ ನಡಿಗೆ, ಮಾತು, ಕಹಿ ಕುಡಿಸಿ ಸತ್ಯ ಹೊರಡಿಸುವ ಬುದ್ಧಿ, ಎಲ್ಲ ವಿನಾರ್ತಿಯ ಅತ್ತೆ ಪಾಯಿನೆಮ್‌ಳದು. ಅವಳು ನಲವತ್ತು ವರ್ಷ ಜಾಮು ಮಾರಿದವಳು. ಈಗ ಎಂಬತ್ತಾರು. ಕಾಲಿಗೆ ಬಲವಿಲ್ಲ. ಆದರೂ ಕತ್ತಲಿರುವಾಗಲೇ ಹಾಸಿಗೆಯಲ್ಲಿ ಎದ್ದು ಕೂತು ಬೆನ್ನ ಹಿಂದೆ ಕೈಯಾಡಿಸುತ್ತಾಳೆ.

"ನನ್ನ ಬುಟ್ಟಿ ಎಲ್ಲಿಟ್ಟೆ?"

"ಇವತ್ತು ರಜೆ ಅಂತ ಹೇಳ್ಬಿಡು ಡಿಕ್" ಎಂದು ಒಳಗಿನಿಂದ ಗಂಡ ಗುನಾದಿ ಕೂಗುತ್ತಾನೆ; ಅವನಿಗೆ ಹೆಂಡತಿ ಡಿಕ್, ಅವಳಿಗೆ ಅವನು ಮಾಸ್. ನಿವೃತ್ತ ಹೆಡ್‌ಮಾಸ್ತರು. ಅವನಿಗೆ ಎಲ್ಲದಕ್ಕೂ ರಜೆಯೇ ಮದ್ದು.

ವಿನಾರ್ತಿ ಹಾಗೆ ಹೇಳುವುದಿಲ್ಲ. ಹೇಳಿದ ದಿನ ಅತ್ತೆ ಅತ್ತಿದ್ದಳು. ಗಿರಾಕಿಗಳು ಕಾಯುತ್ತಾರೆ, ಬಾಣಂತಿಯೊಬ್ಬಳಿದ್ದಾಳೆ, ಅವಳಿಗೆ ಯಾರು ಕೊಡುತ್ತಾರೆ ಎಂದು. ಅದಕ್ಕೇ ವಿನಾರ್ತಿ ಗಿರಾಕಿಯಾಗುತ್ತಾಳೆ. ಮಂಚದ ಅಂಚಿನಲ್ಲಿ ಕೂತು ಕೈ ಚಾಚುತ್ತಾಳೆ.

"ಏನಮ್ಮಾ, ಮುಖ ಸಪ್ಪಗಿದೆ. ಅತ್ತೆ ಕಾಟಾನಾ?" ಎನ್ನುತ್ತಾಳೆ ಪಾಯಿನೆಮ್.

"ಸ್ವಲ್ಪ."

"ಎಲ್ಲಾ ಅತ್ತೇರೂ ಹಂಗೇ. ಸಾಯೋದೂ ಇಲ್ಲ, ಬಿಡೋದೂ ಇಲ್ಲ. ತಗೋ, ಕಹೀದು ಕುಡಿ." ಖಾಲಿ ಕೈಯಿಂದ ಖಾಲಿ ಕೈಗೆ ಸುರಿಯುತ್ತಾಳೆ. ವಿನಾರ್ತಿ ಕುಡಿದು ಮುಖ ಕಿವುಚುತ್ತಾಳೆ. ಅತ್ತೆ ನಕ್ಕು ಮಲಗುತ್ತಾಳೆ.

ಹೋದ ನವೆಂಬರಿನಲ್ಲಿ ಸುಕೊಹಾರ್ಜೊ ಕಡೆಯ ಹಳ್ಳಿಯೊಂದರಿಂದ ಒಂದು ಕಾಗದ ಬಂತು. ಅದು ಜಾಮು ಮಾರುವವರದೇ ಹಳ್ಳಿ. ಹನ್ನೊಂದು ಹೆಂಗಸರ ಸಹಿ, ಇಬ್ಬರದು ಹೆಬ್ಬೆಟ್ಟು.

"ಬು ವಿನಾರ್ತಿ ಅಮ್ಮನವರಿಗೆ ನಮಸ್ಕಾರ. ಮೊದಲನೇ ಪುಸ್ತಕದ ಮೊದಲನೇ ಪುಟದಲ್ಲಿ, ಮೆರಾಪಿ ಬೆಟ್ಟ ಬೆಂಕಿ ಕಾರಿದ ಮಂಗಳವಾರ, ಐದು ದಿನಕ್ಕೊಮ್ಮೆ ಬರುವ ಕ್ಲಿವೊನ್ ಸಂತೆಯ ದಿನ, ತುಗಿರಾಗೆ ನಾಲ್ಕು ವಿಂದು ತುಂಬಿತು ಅಂತ ನೀವೇ ಬರೆದಿದ್ದೀರಿ. ನಾವು ಕೂತು ಎಣಿಸಿದೆವು. ಬರುವ ಡಿಸೆಂಬರ್ ಒಂಬತ್ತು, ಅದೂ ಮಂಗಳವಾರ ಕ್ಲಿವೊನ್, ಅವಳಿಗೆ ಎಂಟು ವಿಂದು. ಎಂಟು ವಿಂದು ತುಂಬಿದವರಿಗೆ ಮಾಡುವ ಶುಭಕಾರ್ಯವನ್ನು ಅವಳಿಗೆ ಮಾಡುವವರು ಯಾರಿದ್ದಾರೆ? ನಾವೇ ಊಟ ಹಾಕುತ್ತೇವೆ. ತಾವು ಬರಬೇಕು. ಇನ್ನೊಂದು ಮಾತು. ಭೂಕಂಪದ ಬೆಳಿಗ್ಗೆ ಹುಟ್ಟಿದ ಅವಳ ಮೊಮ್ಮಗ ಇನ್ನೂ ಏಳನೇ ಕ್ಲಾಸಿನಲ್ಲಿದ್ದಾನೆ. ಅವನಿಗೀಗ ಹತ್ತೊಂಬತ್ತು. ಪಾಪ, ಎಷ್ಟು ಸಲ ಅಂತ ಫೇಲು ಮಾಡುತ್ತೀರಿ?"

ವಿನಾರ್ತಿ ನಕ್ಕಳು. ಆಮೇಲೆ ಕಪಾಟಿನಿಂದ ಹಾಜರಿ ಪುಸ್ತಕ ತೆಗೆದಳು.

ಗಂಡ ಎಂದೋ ಶಾಲೆಯಿಂದ ತಂದುಕೊಟ್ಟ ಹಾಜರಿ ಪುಸ್ತಕ ಅದು. ಮಕ್ಕಳ ಹೆಸರಿನ ಜಾಗದಲ್ಲಿ ಪಾತ್ರಗಳ ಹೆಸರು, ತಾರೀಖಿನ ಜಾಗದಲ್ಲಿ ಕಾದಂಬರಿಯ ಸಂಖ್ಯೆ, ಚೌಕದೊಳಗೆ ವಯಸ್ಸು. ಪುಸ್ತಕಕ್ಕೊಂದು ವರ್ಷ ಎಂದು ಆಗಿನ ಸಂಪಾದಕರು ಹೇಳಿದ್ದರು, ಅವಳು ಹಾಗೇ ತುಂಬುತ್ತ ಬಂದಿದ್ದಳು. ಎಂಟು ವರ್ಷಕ್ಕೊಂದು ವಿಂದು. ಜಾವಾ ಪಂಚಾಂಗದ ವರ್ಷ ಸ್ವಲ್ಪ ಗಿಡ್ಡ, ಹಾಗಾಗಿ ಎಂಟು ವಿಂದು ಎಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಅರವತ್ತೆರಡು. ಹಾಜರಿ ಪುಸ್ತಕದಲ್ಲಿ ಮಾತ್ರ, ಇನ್ನು ಬರೆಯಬೇಕಾದ ಇಪ್ಪತ್ತನಾಲ್ಕನೆಯ ಕಾದಂಬರಿಗೆ, ತುಗಿರಾಳ ವಯಸ್ಸು ಐವತ್ತನಾಲ್ಕು.

ಎಂಟು ವರ್ಷ ಎಲ್ಲಿ ಹೋಯಿತು ಎಂದು ಅವಳು ಪೆನ್ಸಿಲ್ ಹಿಡಿದು ಹುಡುಕಿದಳು. ಪುಸ್ತಕ ಬರದ ವರ್ಷಗಳು ಒಂದೊಂದಾಗಿ ಸಿಕ್ಕವು. ತನ್ನ ಎರಡು ಹೆರಿಗೆಗಳಿಗೆ ಎರಡು. ಮಾವ ಹಾಸಿಗೆ ಹಿಡಿದದ್ದು ಮೂರು. ಭೂಕಂಪಕ್ಕೆ ಮನೆ ಬಿದ್ದು ಡೇರೆಯಲ್ಲಿ ಅಡುಗೆ ಮಾಡಿದ್ದು ಒಂದು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡದ್ದು ಎರಡು. ಆ ವರ್ಷಗಳಲ್ಲಿ ತುಗಿರಾಗೆ ವಯಸ್ಸಾಗಲಿಲ್ಲ, ವಿನಾರ್ತಿಗೆ ಆಯಿತು. ಬರೆಯಲು ಶುರು ಮಾಡಿದಾಗ ವಿನಾರ್ತಿಗೆ ಇಪ್ಪತ್ತೇಳು, ತುಗಿರಾ ನಾಲ್ಕು ವರ್ಷ ದೊಡ್ಡವಳು. ಅಕ್ಕನಾಗಿದ್ದವಳು ನಡುವೆ ಯಾವಾಗಲೋ ನಾಲ್ಕು ವರ್ಷಕ್ಕೆ ತಂಗಿಯಾಗಿದ್ದಳು. ಇವಳ ಮಂಡಿ ಮಡಚಲಾಗದಿದ್ದಾಗಲೂ ಅವಳು ಎಂಟು ಬಾಟಲಿ ಹೊತ್ತು ಮಳೆಯಲ್ಲಿ ನಡೆಯುತ್ತಿದ್ದಳು.

"ಇದರಲ್ಲೇನು ತಪ್ಪು?" ಎಂದ ಗುನಾದಿ. ಕೈಬರಹವನ್ನು ಎರಡು ಬೆರಳಲ್ಲಿ ಟೈಪು ಮಾಡಿ, ಅಲ್ಪವಿರಾಮ ತಿದ್ದುವವನು ಅವನೇ. ಬಂದವರೆದುರು ನಾವು ಬರೀತೀವಿ ಎಂದೇ ಹೇಳುವುದು. "ಕಥೆ ತಾನೆ. ಕಥೇಲಿ ಯಾರಿಗೂ ವಯಸ್ಸಾಗಬೇಕಿಲ್ಲ."

"ಮೊಮ್ಮಗನಿಗೆ ಆಗಬೇಕಲ್ಲ ಮಾಸ್. ಅವನಿಗೆ ಆದರೆ ಅವಳಿಗೂ ಆಗತ್ತೆ."

"ಆಗಲಿ ಬಿಡು. ಮನೇಲಿ ಕೂರಿಸು. ಅವಳ ಸೊಸೆ ವೆನಿಂಗ್ ಇದ್ದಾಳಲ್ಲ, ನೋಡ್ಕೊಳ್ತಾಳೆ. ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಂಡಿದೀಯಾ?"

ವಿನಾರ್ತಿ ಹಾಜರಿ ಪುಸ್ತಕ ಮುಚ್ಚಿದಳು. ಅವಳಿಗೆ ಬೇರೆಯದೇ ಒಂದು ವಿಷಯ ಕಂಡಿತ್ತು. ಇಪ್ಪತ್ತಮೂರು ಪುಸ್ತಕದಲ್ಲಿ ತುಗಿರಾ ಬೆಳಗಿನಿಂದ ಸಂಜೆಯವರೆಗೆ ಹೊರಗೇ ಇದ್ದಾಳೆ. ಮನೆಗೆ ಬಂದರೆ ಅನ್ನ ಬಿಸಿಯಾಗಿರುತ್ತದೆ. ಯಾರು ಬೇಯಿಸಿದರು? ಗಂಡ ದಾರ್ಮೊ ಸೈಕಲ್ ರಿಕ್ಷಾದವನು, ಅಡುಗೆಮನೆಗೆ ಕಾಲಿಟ್ಟವನಲ್ಲ. ಅನ್ನ ತಾನೇ ಬೆಂದಿತ್ತು. ಬಟ್ಟೆ ತಾನೇ ಒಗೆದುಕೊಂಡಿತ್ತು. ತನ್ನ ಕೈಯಿಂದ ದಿನವೂ ಹಾದುಹೋಗುವ ಕೆಲಸವನ್ನು ಪುಟದ ಮೇಲೆ ಇಡಲು ಅವಳಿಗೇ ಬೇಸರವಾಗಿತ್ತು. ತುಗಿರಾ ಗಟ್ಟಿಯಾಗಿರುವಷ್ಟು ದಿನ ಅದು ನಡೆಯಿತು. ಮುದುಕಿಯಾದರೆ ನಡೆಯುವುದಿಲ್ಲ. ಹಾಸು ತಾನೇ ಬದಲಾಗುವುದಿಲ್ಲ. ಅದಕ್ಕೊಂದು ಹೆಸರು ಬೇಕು, ಎರಡು ಕೈ ಬೇಕು. ವೆನಿಂಗ್ ಇದ್ದಾಳೆ, ನಿಜ. ಹತ್ತೊಂಬತ್ತನೆಯ ಪುಸ್ತಕದಲ್ಲಿ ಹಟ ಹಿಡಿದು ಹೊಲಿಗೆ ಕಲಿಯಲು ಸೇರಿದವಳು, ಇಪ್ಪತ್ತಮೂರನೆಯದರಲ್ಲಿ ಸಂತೆಬೀದಿಯಲ್ಲಿ ಸ್ವಂತ ಹೊಲಿಗೆ ತರಗತಿ ತೆರೆದವಳು. ತುಗಿರಾಳ ಚೌಕದಲ್ಲಿ ಅರವತ್ತೆರಡು ಎಂದು ಬರೆದ ಕೂಡಲೇ ಅವಳನ್ನು ನೋಡಿಕೊಳ್ಳಲು ವೆನಿಂಗ್‌ಳ ತರಗತಿ ಮುಚ್ಚಿಹೋಗುತ್ತದೆ.

ನವೆಂಬರಿನ ಕೊನೆಗೆ ಯೋಗ್ಯಕರ್ತಾದಿಂದ ಸಂಪಾದಕಿ ರೆತ್ನಾ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ರೇನ್‌ಕೋಟಿನಿಂದ ನೀರು ಇಳಿಸುತ್ತ, ಚೀಲದಿಂದ ಹೊಸ ಮುಖಪುಟದ ಕರಡು ತೆಗೆದು ಮೇಜಿನ ಮೇಲೆ ಹರಡಿದಳು. ಚಿತ್ರದ ತುಗಿರಾಗೆ ಮೂವತ್ತೈದು, ಸೊಂಟ ಸಣ್ಣ, ಕೂದಲಲ್ಲಿ ಒಂದು ಹೂವು.

"ಇವಳಿಗೆ ಅರವತ್ತೆರಡು" ಎಂದಳು ವಿನಾರ್ತಿ.

"ಅಯ್ಯೋ ಬು, ಆ ಕಾಗದ ನಮಗೂ ಬಂದಿದೆ. ಆಫೀಸಲ್ಲಿ ಎಲ್ಲರೂ ಓದಿ ನಕ್ಕಿದೀವಿ. ಆದರೆ ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಓದೋರಿಗೆ ಅಜ್ಜಿ ಬೇಡ. ಅಜ್ಜಿ ಎಲ್ಲರ ಮನೇಲೂ ಇದ್ದಾಳೆ."

"ಇದ್ದರೆ, ಅವಳ ಹಾಸು ಒಗೆಯೋರೂ ಎಲ್ಲರ ಮನೇಲಿ ಇರ್ತಾರಲ್ಲ. ಅವರು ಓದಲ್ವಾ?"

"ಓದ್ತಾರೆ. ಅದನ್ನ ಮರೆಯೋಕೇ ಓದ್ತಾರೆ." ರೆತ್ನಾ ಹೀಗೆಂದು ತಾನೇ ತಲೆ ತಗ್ಗಿಸಿದಳು. ಅವಳ ಅಮ್ಮನೂ ಎರಡು ವರ್ಷದಿಂದ ಮಲಗಿದ್ದಾರೆ. ನೋಡಿಕೊಳ್ಳುವುದು ಅಕ್ಕ. ಇದು ವಿನಾರ್ತಿಗೂ ಗೊತ್ತು.

ಪ್ರಕಾಶನದವರ ಲೆಕ್ಕ ಸರಳವಾಗಿತ್ತು. ತುಗಿರಾಳನ್ನು ನಲವತ್ತೈದಕ್ಕೆ ನಿಲ್ಲಿಸುವುದು. ಹಳೆಯ ಪುಸ್ತಕಗಳ ಮರುಮುದ್ರಣದಲ್ಲಿ ಮೆರಾಪಿಯ ಮಂಗಳವಾರ ತೆಗೆಯುವುದು, ಭೂಕಂಪವನ್ನು ಬರೀ ಒಂದು ಭೂಕಂಪ ಮಾಡುವುದು. ಆಗ ಯಾರೂ ಎಣಿಸುವಂತಿಲ್ಲ. ಹೀಗಾದರೆ ಇನ್ನೂ ಇಪ್ಪತ್ತು ಪುಸ್ತಕ ಬರೆಯಬಹುದು.

"ಆಗಲ್ಲ ಅಂದರೆ?"

ರೆತ್ನಾ ಕರಡನ್ನು ಮಡಚಿದಳು. "ಮೊದಲನೇ ಒಪ್ಪಂದದಲ್ಲಿ ತುಗಿರಾ ಹೆಸರು ನಮ್ಮ ಕಂಪನಿಗೆ ಬರೆದುಕೊಟ್ಟಿದೀರಿ ಬು. ನಮ್ಮ ಯಜಮಾನರು ಬೇರೆ ಯಾರ ಹತ್ರನಾದ್ರೂ ಬರೆಸ್ತಾರೆ. ನಂಗೆ ಇಷ್ಟ ಇಲ್ಲ. ಆದ್ರೆ ಬರೆಸ್ತಾರೆ. ಹತ್ತನೇ ತಾರೀಖಿನೊಳಗೆ ಒಂದು ಮಾತು ತಿಳಿಸಿ."

ಒಳಗಿನಿಂದ ಪಾಯಿನೆಮ್ ಕೂಗಿದಳು. "ಯಾರದು ಬಾಗಿಲಲ್ಲಿ? ಕೂರಿಸು, ಬುಟ್ಟಿ ಹುಡುಕ್ತಾ ಇದೀನಿ."

ರೆತ್ನಾ ಎದ್ದು ಒಳಗೆ ಇಣುಕಿದಳು. ಅಷ್ಟು ವರ್ಷ ಮುಖಪುಟದ ಮೇಲೆ ಕಂಡವಳು ಇವಳೇ ಎಂದು ಅವಳಿಗೆ ಹೇಳಿದವರಿಲ್ಲ. ವಿನಾರ್ತಿಯೂ ಹೇಳಲಿಲ್ಲ.

ಒಂಬತ್ತನೆಯ ತಾರೀಖು ವಿನಾರ್ತಿ ಎಲ್ಲ ಕೆಲಸ ಒಂದು ಗಂಟೆ ಮೊದಲೇ ಮುಗಿಸಿದಳು. ಗಂಡನಿಗೆ ಸೋಪು, ಹಾಸು, ಗಂಜಿ ಎಲ್ಲೆಲ್ಲಿವೆ ಎಂದು ಮೂರು ಸಲ ತೋರಿಸಿದಳು. "ಒಂದು ದಿನ ತಾನೆ, ನಾನೇನು ಮಗುವಾ?" ಎಂದ ಗುನಾದಿ. ಅವಳು ಬಸ್ಸು ಹತ್ತಿದಳು.

ಹಳ್ಳಿಯ ಆ ಮನೆಯ ಹಜಾರದಲ್ಲಿ ಚಾಪೆ ಹಾಸಿ, ನಡುವೆ ಹಳದಿ ಅನ್ನದ ಗೋಪುರ ಇಟ್ಟಿದ್ದರು. ಸುತ್ತ ಕೋಳಿ, ಮೊಟ್ಟೆ, ಹುರುಳಿಕಾಯಿ, ತೆಂಗಿನತುರಿ ಬೆರೆಸಿದ ಸೊಪ್ಪು, ಬಿದಿರು ತಟ್ಟೆ ತುಂಬ ಅಕ್ಕಿಹಿಟ್ಟಿನ ಸಿಹಿ ಅಪೆಮ್. ಹೆಂಗಸರೆಲ್ಲ ಅರವತ್ತು ದಾಟಿದವರು, ಹೆಚ್ಚಿನವರ ಎಡಭುಜ ಒಂದಿಷ್ಟು ಕೆಳಗೆ. ಬುಟ್ಟಿ ಕಟ್ಟಿದ ಭುಜ. ಗೋಡೆಯ ಬದಿ ಒಂದು ಚಾಪೆಯನ್ನು ಖಾಲಿ ಬಿಟ್ಟು, ಅದರ ಮುಂದೆ ಬಾಳೆಲೆ ಹಾಕಿದ್ದರು. ಅದು ತುಗಿರಾಳ ಜಾಗ. ಮಸೀದಿಯ ಹಿರಿಯರು ದುವಾ ಮಾಡಲು ಬಂದು ಖಾಲಿ ಎಲೆ ನೋಡಿ, "ಇವರು ಯಾವಾಗ ತೀರಿಕೊಂಡದ್ದು?" ಎಂದರು.

"ತೀರ್ಕೊಂಡಿಲ್ಲ. ಹುಟ್ಟೇ ಇಲ್ಲ" ಎಂದಳು ಕಾಗದ ಬರೆದ ಸುಮಾರ್ನಿ. ಹಜಾರವೆಲ್ಲ ನಕ್ಕಿತು. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, ಹುಟ್ಟದವರಿಗೂ ಆಯುಸ್ಸು ಕೇಳಿದರೆ ತಪ್ಪಿಲ್ಲ ಎಂದು ದುವಾ ಮಾಡಿದರು.

ಊಟಕ್ಕೆ ಕೂತ ಮೇಲೆ ಜಗಳ ಶುರುವಾಯಿತು.

"ಈಗಾದ್ರೂ ಬುಟ್ಟಿ ಇಳಿಸಿ ಬು. ನನ್ನ ಬೆನ್ನು ನೋಡಿ, ಬಿಲ್ಲಾಗಿದೆ. ಅವಳದು ಹೆಂಗೆ ನೆಟ್ಟಗಿರತ್ತೆ?" ಎಂದಳು ಸುಮಾರ್ನಿ.

"ಇಳಿಸಬೇಡಿ. ನಾವಂತೂ ಇಳಿಸಿಯಾಯ್ತು. ಅವಳಾದ್ರೂ ನಡೀಲಿ" ಎಂದಳು ಪಕ್ಕದವಳು.

"ನಡೆದು ನಡೆದು ದಾರೀಲಿ ಬೀಳಲಿ ಅಂತೀಯಾ?"

"ಮನೇಲಿ ಬಿದ್ಕೊಂಡಿರೋದಕ್ಕಿಂತ ದಾರೀಲಿ ಬೀಳೋದು ವಾಸಿ ಕಣೇ. ದಾರೀಲಾದ್ರೆ ಯಾರಾದ್ರೂ ಎತ್ತುತಾರೆ."

ಹಿತ್ತಲ ಬಾಗಿಲಲ್ಲಿ ಸುಮಾರ್ನಿಯ ಸೊಸೆ ತಟ್ಟೆ ತೊಳೆಯುತ್ತಿದ್ದಳು. ಮೂವತ್ತು ಜನರ ತಟ್ಟೆ, ಒಬ್ಬಳೇ. ಅವಳಿಗಿನ್ನೂ ಊಟವಾಗಿರಲಿಲ್ಲ. ಕೈತೊಳೆಯಲು ವಿನಾರ್ತಿ ಅತ್ತ ಹೋದಾಗ ಅವಳು ತಲೆಯೆತ್ತದೆ ಮಾತಾಡಿದಳು.

"ಬು, ನಾನೂ ಓದ್ತೀನಿ. ಅತ್ತೆ ಓದಿ ಮುಗಿಸಿದ ಮೇಲೆ."

"ಹೌದಾ. ನಿಂಗೇನನ್ಸತ್ತೆ? ಇಳಿಸಲಾ?"

"ಇಳಿಸಿ, ಬಿಡಿ, ನಿಮ್ಮಿಷ್ಟ." ಒಂದು ತಟ್ಟೆ ತೊಳೆದು ಒರಗಿಸಿಟ್ಟಳು. "ವೆನಿಂಗ್ ಹೊಲಿಗೆ ಕ್ಲಾಸು ಮಾತ್ರ ಮುಚ್ಚಿಸಬೇಡಿ. ಮುಚ್ಚಿಸೋದಾದ್ರೆ ನಂಗೆ ಈಗಲೇ ಹೇಳಿ. ಆ ಪುಸ್ತಕ ಓದಲ್ಲ ನಾನು."

ವಿನಾರ್ತಿ ತಟ್ಟೆ ಒರೆಸಲು ಬಗ್ಗಿದಳು. ಸೊಸೆ ಕೈ ಅಡ್ಡ ಇಟ್ಟಳು. "ನೀವು ನೆಂಟರು. ಹೋಗಿ ಕೂತ್ಕೊಳ್ಳಿ. ನೀವು ಒರೆಸಿದ್ರೆ ನಂಗೆ ಬೈಗುಳ."

ಬಸ್ಸಿನಲ್ಲಿ ವಿನಾರ್ತಿಯ ತೊಡೆಯ ಮೇಲೆ ತುಗಿರಾಳ ಎಲೆಯ ಊಟವನ್ನು ಕಟ್ಟಿಕೊಟ್ಟ ಡಬ್ಬಿಯಿತ್ತು. ಮಧ್ಯಾಹ್ನ ಮನೆಗೆ ಬಂದಾಗ ಒಳಬಾಗಿಲಲ್ಲೇ ವಾಸನೆ ಬಡಿಯಿತು. ಗುನಾದಿ ಮುಂದಿನ ಜಗುಲಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದ.

"ಗಂಜಿ ಕುಡಿಸಿದೆ" ಎಂದ, ಹೆಮ್ಮೆಯಿಂದ. "ಆಮೇಲೆ ಹಾಸಿಗೇಲೇ ಆಗಿಹೋಯ್ತು. ಪಕ್ಕದ ಮನೆಯವಳನ್ನ ಕರೆದೆ, ಅವಳು ಇರಲಿಲ್ಲ. ನೀನು ಬರ್ತೀಯಲ್ಲ ಅಂತ ಬಿಟ್ಟೆ."

"ಎಷ್ಟು ಹೊತ್ತಿಗೆ ಆಯ್ತು?"

"ಹತ್ತೂವರೆ ಇರಬೇಕು."

ಈಗ ಎರಡೂಕಾಲು.

"ಮಾಸ್, ಸೋಪು ಎಲ್ಲಿದೆ ಅಂತ ತೋರಿಸಿದ್ನಲ್ಲ."

"ತೋರಿಸಿದೆ. ಆದ್ರೆ ಅವಳು ನನ್ನ ತಾಯಿ ಕಣೇ. ಹೆಂಗೆ ನಾನು..." ಅವನ ದನಿ ನಿಜವಾಗಿಯೂ ಒಡೆದಿತ್ತು. ಅವನು ಕೆಟ್ಟವನಲ್ಲ. ಮೂರೂಮುಕ್ಕಾಲು ಗಂಟೆ ಆ ವಾಸನೆಯ ಪಕ್ಕದಲ್ಲಿ, ಯಾವಳಾದರೂ ಹೆಂಗಸು ಬರುವುದನ್ನು ಕಾಯುತ್ತ ಕೂತಿದ್ದ.

ಬಿಟ್ಟು ಹೊರಗೆ ನಡೆಯಬೇಕು ಎಂದು ಅವಳಿಗೆ ಅನಿಸಿತು. ಕಾದಂಬರಿಯಾಗಿದ್ದರೆ ಹಾಗೇ ಬರೆಯುತ್ತಿದ್ದಳು. ಇಲ್ಲಿ ಹಟ ಹಿಡಿದರೆ ಹುಣ್ಣಾಗುವುದು ಗಂಡನ ಸೊಂಟಕ್ಕಲ್ಲ. ಅವಳು ಬಸ್ಸಿನ ಬಟ್ಟೆಯಲ್ಲೇ ಒಳಗೆ ಹೋಗಿ ಅತ್ತೆಯನ್ನು ಎಡಕ್ಕೆ ಹೊರಳಿಸಿದಳು. ಸೊಂಟದ ಕೆಂಪು ಗುರುತು ಒಡೆದು ನೀರಾಗಿತ್ತು.

"ನೋವಾ ಅಮ್ಮಾ?"

ಪಾಯಿನೆಮ್ ಇವತ್ತು ಬುಟ್ಟಿ ಕೇಳಲಿಲ್ಲ. ಗೋಡೆ ನೋಡುತ್ತಿದ್ದಳು. "ಕರೆದೆ" ಎಂದಳು. "ತುಂಬಾ ಸಲ ಕರೆದೆ."

ಒರೆಸಿ, ಮುಲಾಮು ಹಚ್ಚಿ, ಹಾಸು ಒಗೆದು ಹರವಿ, ತಾನು ಸ್ನಾನ ಮುಗಿಸುವಷ್ಟರಲ್ಲಿ ನಾಲ್ಕು ಗಂಟೆ. ಗುನಾದಿ ನಮಾಜಿಗೆಂದು ಹೋದವನು ಇನ್ನೂ ಬಂದಿರಲಿಲ್ಲ. ಅಡುಗೆಮನೆಯ ಮೇಜಿನಲ್ಲಿ ಅವಳೊಬ್ಬಳೇ. ಅನ್ನ ಬೇಯುತ್ತಿರಲಿಲ್ಲ. ಬೆಳಗಿನ ಹೊತ್ತಲ್ಲದೆ ಅಲ್ಲಿ ನೋಟ್‌ಬುಕ್ ತೆರೆದದ್ದು ಅವಳಿಗೆ ನೆನಪಿರಲಿಲ್ಲ.

ದಾರ್ಮೊ ಎದ್ದು ಬಂದು ತುಗಿರಾಳ ಹಾಸು ಬದಲಿಸಿದ ಎಂದು ಬರೆಯಬಹುದು. ಬಸ್ಸಿನಲ್ಲಿ ಅವಳು ಅದನ್ನೇ ಯೋಚಿಸಿದ್ದಳು. ಓದುಗರಿಗೆ ಸಂತೋಷವಾಗುತ್ತದೆ, ವೆನಿಂಗ್ ಉಳಿಯುತ್ತಾಳೆ, ಪ್ರಶಸ್ತಿಯೂ ಬರಬಹುದು. ಆದರೆ ದಾರ್ಮೊ ಏಳುವುದಿಲ್ಲ. ಇಪ್ಪತ್ತಮೂರು ಪುಸ್ತಕದಲ್ಲಿ ಏಳದಂತೆ ಅವನನ್ನು ಸಾಕಿದವಳು ತಾನೇ. ಈಗ ಒಂದೇ ಅಧ್ಯಾಯದಲ್ಲಿ ಎಬ್ಬಿಸಿದರೆ ಅದು ನಲವತ್ತೈದಕ್ಕೆ ನಿಲ್ಲಿಸಿದಷ್ಟೇ ಸುಳ್ಳು.

ಅವಳು ಮೊದಲು ರೆತ್ನಾಗೆ ಫೋನಿನಲ್ಲಿ ನಾಲ್ಕು ಸಾಲು ಕಳಿಸಿದಳು. ತುಗಿರಾ ಎಂಬ ಹೆಸರು ನಿಮ್ಮದೇ, ಯಾರಿಂದ ಬೇಕಾದರೂ ಬರೆಸಿ. ನಾನು ಬರೆಯುವವಳಿಗೆ ಇಂದು ಎಂಟು ವಿಂದು ತುಂಬಿತು. ಅವಳಿಗೆ ಬೇರೆ ಹೆಸರಿಟ್ಟುಕೊಳ್ಳುತ್ತೇನೆ. ಅಮ್ಮನ ಆರೋಗ್ಯ ನೋಡಿಕೊಳ್ಳಿ, ನಿಮ್ಮ ಅಕ್ಕನದ್ದೂ. ಕಳಿಸಿ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಮೂವತ್ತೊಂದು ವರ್ಷದ ಓದುಗರು ಹೊಸ ಹೆಸರಿನವಳನ್ನು ಹುಡುಕಿಕೊಂಡು ಬರುತ್ತಾರೆಯೇ, ಮುದ್ರಿಸುವವರಾದರೂ ಸಿಗುತ್ತಾರೆಯೇ, ಗೊತ್ತಿರಲಿಲ್ಲ. ಗಂಡನನ್ನು ಕೇಳಿರಲಿಲ್ಲ.

ಆಮೇಲೆ ಬರೆದಳು. ಮುದುಕಿ ಮಂಚದಲ್ಲಿದ್ದಾಳೆ. ಸೊಸೆ ಹೊಲಿಗೆಯ ಚೀಲ ಹೆಗಲಿಗೆ ಹಾಕಿ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಹೊರಟುಹೋಗುತ್ತಾಳೆ. ಗಂಡ ಜಗುಲಿಯ ಮೇಲೆ ಕೂತು ಓಣಿ ನೋಡುತ್ತಾನೆ. ಹತ್ತೂವರೆಗೆ ಮುದುಕಿ ಕರೆಯುತ್ತಾಳೆ. ಒಂದು ಸಾಲು ಬಿಟ್ಟು, ಪಕ್ಕದ ಮನೆಯವಳು ಕರೆ ಕೇಳಿ ಕೈಲಿದ್ದ ಕೆಲಸ ಬಿಟ್ಟು ಬಂದಳು ಎಂದು ಪೆನ್ನು ತಾನಾಗಿ ಬರೆಯಿತು. ಬರೆದು ನಿಂತಿತು.

ವಿನಾರ್ತಿ ಆ ಸಾಲನ್ನು ಮತ್ತೆ ಓದಿದಳು. ಪಕ್ಕದ ಮನೆಯವಳು ಬಂದರೆ ಜಗುಲಿಯ ಮೇಲಿನವನು ಏಳಬೇಕಾಗಿಯೇ ಇಲ್ಲ. ತಾನು ಅತಿ ಹೆಚ್ಚು ಪ್ರೀತಿಸಿದವಳನ್ನು ಒದ್ದೆಯಲ್ಲಿ ಮಲಗಿಸಿ ಬಿಡಬೇಕು, ಎರಡೂಕಾಲರವರೆಗೆ, ಬೇಕಾದರೆ ಅದರಾಚೆಗೂ. ಅವಳು ಪಕ್ಕದ ಮನೆಯವಳ ಮೇಲೆ ಗೆರೆ ಎಳೆದಳು. ಮುದುಕಿ ಇನ್ನೊಮ್ಮೆ ಕರೆದಳು ಎಂದು ಬರೆದಳು. ಯಾವ ಹೆಂಗಸನ್ನೂ ಒಳಗೆ ಕಳಿಸಲಿಲ್ಲ.